ಕೂದಲೆಳೆಯಷ್ಟು ಉದ್ದ

ತಿಪ್ಪೇಶಿಯ ಬಲಗಣ್ಣು ಹೋದ ದಿನ ಊರಿನವರೆಲ್ಲ ಮೊದಲು ನೋಡಿದ್ದು ನನ್ನ ಮುಖವನ್ನು. ಅವನನ್ನು ಬಂಡೆಯ ಮೇಲಿಂದ ಹೊತ್ತು ತರುತ್ತಿದ್ದರು. ಅವನ ಹೆಂಡತಿ ಮಾರಕ್ಕ ಸೆರಗಿನಿಂದ ಅವನ ಮುಖ ಒತ್ತಿ ಹಿಡಿದು ಪಕ್ಕದಲ್ಲಿ ಓಡುತ್ತಿದ್ದಳು. ಆ ಗದ್ದಲದಲ್ಲೂ ಒಬ್ಬೊಬ್ಬರಾಗಿ ತಿರುಗಿ ನನ್ನನ್ನು ನೋಡಿದರು. ನಾನು ನೋಡಿದ್ದು ಮದ್ದಿನ ಗಾದ್ರಪ್ಪನನ್ನು. ಅವನು ನೆಲ ನೋಡುತ್ತಿದ್ದ. ನೆಲ ನೋಡುವವನನ್ನು ನಾನು ನಂಬುವುದಿಲ್ಲ.

ನಮ್ಮೂರಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಕಿವಿ ಮುಚ್ಚುತ್ತವೆ. ಹಸುಗೂಸಿನಿಂದ ಹಿಡಿದು ಮುದುಕರವರೆಗೆ, ನಾಯಿ ಎತ್ತುಗಳೂ ಸೇರಿ, ಎಲ್ಲರವೂ. ಬಂಡೆಯ ನೆರಳು ಕೆಳಗಿನ ಬಿಳಿಗಲ್ಲನ್ನು ಮುಟ್ಟಿದಾಗ ಪಾಳಿಯ ಮನೆಯವರು ಬಂಡೆಯ ನೆತ್ತಿಯಿಂದ ಕೋವಿಯ ಒಂದು ಈಡು ಹೊಡೆಯುತ್ತಾರೆ. ಅದೊಂದು ಸದ್ದು ಎಲ್ಲರಿಗೂ ಕೇಳುತ್ತದೆ, ಅದರ ಹಿಂದೆಯೇ ಉಳಿದ ಸದ್ದುಗಳೆಲ್ಲ ಬರುತ್ತವೆ. ಈಡು ಬೀಳದಿದ್ದರೆ ಬೀಳುವ ದಿನದವರೆಗೂ ಕಿವುಡೇ. ಹಾಗಾಗಿ ಮೂರಕ್ಕೆ ಮುಂಚೆ ತಾಯಂದಿರು ಕೂಸುಗಳನ್ನು ಎದೆಗೆ ಕಟ್ಟಿಕೊಳ್ಳುತ್ತಾರೆ, ಅಂಗಡಿಯವರು ಬಾಗಿಲಿಗೆ ಸ್ಲೇಟು ತೂಗುಹಾಕುತ್ತಾರೆ, ಗಾಡಿಯವರು ಗಾಡಿ ನಿಲ್ಲಿಸಿ ಬೀಡಿ ಹಚ್ಚುತ್ತಾರೆ. ಜಗಳವಾಡುತ್ತಿದ್ದವರು ಮಾತು ಎಲ್ಲಿಗೆ ನಿಂತಿತೆಂದು ನೆನಪಿಟ್ಟುಕೊಂಡು ಈಡಾದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತಾರೆ. ನಾನು ಆ ಹೊತ್ತಿನಲ್ಲಿ ಜನರ ತುಟಿ ನೋಡುತ್ತೇನೆ. ಯಾರಾದರೂ ಬಾಯಿಗೆ ಕೈ ಅಡ್ಡ ಹಿಡಿದರೆ ನನ್ನ ವಿಷಯವೇ ಇರಬೇಕು ಎಂದುಕೊಳ್ಳುತ್ತೇನೆ. ಎಷ್ಟೋ ಸಲ ಅದು ನಿಜವೂ ಆಗಿದೆ.

ಊರಿಗೆ ಇರುವುದು ಎರಡು ಕೋವಿ, ನೂರ ನಲವತ್ತು ಹಿತ್ತಾಳೆ ಕೊಳವೆ. ಹೊಸ ಕೊಳವೆ ಎಲ್ಲಿಂದಲೂ ಬರುವುದಿಲ್ಲ. ಹೊಡೆದ ಕೊಳವೆಗೇ ಮತ್ತೆ ಮದ್ದು ತುಂಬಿ, ಬಾಯಿಗೆ ಗುಂಡು ಕೂರಿಸಿ ತೋಟಾ ಮಾಡಬೇಕು. ತುಂಬುವ ಕೆಲಸ ಗಾದ್ರಪ್ಪನದು. ಅದಕ್ಕೆ ಮುಂಚಿನ ಕೆಲಸ ನನ್ನದು, ನನ್ನಪ್ಪನಿಂದ ಬಂದದ್ದು. ಈಡು ಹೊಡೆದಾಗಲೆಲ್ಲ ಹಿತ್ತಾಳೆ ಬಿಸಿಗೆ ಒತ್ತಡಕ್ಕೆ ಮುಂದಕ್ಕೆ ಹರಿಯುತ್ತದೆ, ಕೊಳವೆಯ ಕುತ್ತಿಗೆ ಉದ್ದವಾಗುತ್ತದೆ. ಹೆಚ್ಚೇನಲ್ಲ, ಒಂದು ಕೂದಲೆಳೆ. ಆದರೆ ಕೂದಲೆಳೆಯ ಮೇಲೆ ಕೂದಲೆಳೆ ಸೇರಿದರೆ ಕೊಳವೆಯ ಬಾಯಿ ಕೋವಿಯೊಳಗೆ ತೋಟಾ ಕೂರುವ ಗೂಡಿನ ತುದಿಗೆ ಹೋಗಿ ಚುಚ್ಚಿಕೊಳ್ಳುತ್ತದೆ. ಆಗ ಅದು ಗುಂಡನ್ನು ಬಿಡುವುದಿಲ್ಲ, ಗಟ್ಟಿಯಾಗಿ ಕಚ್ಚಿ ಹಿಡಿಯುತ್ತದೆ. ಹೊರಗೆ ಹೋಗಲಾರದ ಬೆಂಕಿ ಹಿಂದಕ್ಕೆ ಬರುತ್ತದೆ. ಹಿಂದೆ ಇರುವುದು ಹೊಡೆಯುವವನ ಮುಖ.

ಹೀಗಾಗಬಾರದೆಂದು ನಾನು ಪ್ರತಿ ಕೊಳವೆಯನ್ನೂ ಅಳತೆ ಪಟ್ಟಿಗೆ ಇಟ್ಟು ನೋಡುತ್ತೇನೆ. ಅಂಗೈ ಅಗಲದ ಹಿತ್ತಾಳೆ ಪಟ್ಟಿ, ಎರಡು ತುದಿಗೂ ಒಂದೊಂದು ಎದ್ದ ಕಿವಿ. ಆ ಎರಡು ಕಿವಿಗಳ ನಡುವೆ ಕೊಳವೆ ಮಲಗಿದರೆ ಸರಿ. ಮಲಗದಿದ್ದರೆ ಕೈಯಂತ್ರಕ್ಕೆ ಸಿಕ್ಕಿಸಿ ಹಿಡಿ ತಿರುಗಿಸಿ ಬಾಯಿ ಕತ್ತರಿಸುತ್ತೇನೆ, ಮೂಗುತಿಯ ಚೂರಿನಂಥ ಹಿತ್ತಾಳೆ ಸುರುಳಿಗಳು ಉದುರುತ್ತವೆ. ಆಮೇಲೆ ಅಂಚಿನ ಒಳಗೂ ಹೊರಗೂ ಅರದಿಂದ ಎರಡು ಸುತ್ತು ತೀಡುತ್ತೇನೆ. ಅಳತೆ ಪಟ್ಟಿ ಊರಿಗೆಲ್ಲ ಒಂದೇ. ಇಪ್ಪತ್ತೆರಡು ವರ್ಷಗಳಿಂದ ಅದನ್ನು ಬೇರೆಯವರ ಕೈಗೆ ಕೊಟ್ಟಿಲ್ಲ. ಯಾರಿಗೆ ಗೊತ್ತು, ಕೆಳಗೆ ಬೀಳಿಸುತ್ತಾರೆ, ಬಗ್ಗಿಸುತ್ತಾರೆ, ಬೇಕೆಂದೇ ಉಜ್ಜಿಬಿಡುತ್ತಾರೆ. ನನ್ನ ಹೆಂಡತಿ ಬೋರಮ್ಮನಿಗೂ ಅದನ್ನು ಮುಟ್ಟುವ ಹಕ್ಕಿಲ್ಲ. ಪ್ರತಿ ಶುಕ್ರವಾರ ನಾನೇ ಅದನ್ನು ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು ಹಾಕಿ ಫಳಫಳ ತೊಳೆದು, ಕುಂಕುಮ ಇಟ್ಟು ಗೋಡೆಯ ಗೂಡಿನಲ್ಲಿ ಇಡುತ್ತೇನೆ. ಅಪ್ಪನೂ ಹಾಗೆಯೇ ಮಾಡುತ್ತಿದ್ದ.

ತಿಪ್ಪೇಶಿಯ ಮನೆಯ ಪಾಳಿಯಲ್ಲಿ ಇನ್ನೂ ಐದು ಈಡು ಉಳಿದಿದ್ದವು. ಕೋವಿ ಸಿಡಿದ ಸುದ್ದಿ ಕೇಳಿದ ಮೇಲೆ ಮುಂದಿನ ಪಾಳಿಯವರು ಮುಂದೆ ಬರಲಿಲ್ಲ. ಒಬ್ಬನಿಗೆ ಸೊಂಟ ಹಿಡಿಯಿತು, ಇನ್ನೊಬ್ಬನಿಗೆ ಮಾವನ ಮನೆಯಿಂದ ಕರೆ ಬಂತು. ಕೊನೆಗೆ ಎರಡನೆಯ ಕೋವಿಯನ್ನು ಮಾರಕ್ಕ ಹೆಗಲಿಗೇರಿಸಿದಳು. ತನ್ನ ಮನೆಯ ಪಾಳಿಯನ್ನು ತಾನೇ ಮುಗಿಸುವುದಾಗಿ ಊರಿನ ಯಜಮಾನ ಸೂರಯ್ಯನ ಮುಂದೆ ಹೇಳಿದಳು. ಹೇಳುವಾಗ ಅವಳು ನೋಡುತ್ತಿದ್ದುದು ನನ್ನನ್ನು.

ಸೂರಯ್ಯ ವಿಚಾರಣೆ ಮಾಡಿದರು. ಗಾದ್ರಪ್ಪನ ಮದ್ದಿನ ಚಮಚವನ್ನು ತಕ್ಕಡಿಗೆ ಹಾಕಿದರು, ಸರಿಯಿತ್ತು. ನನ್ನ ಮನೆಯ ಕೊಳವೆಗಳನ್ನು ಅಳತೆ ಪಟ್ಟಿಗೆ ಇಟ್ಟರು, ನೂರಕ್ಕೆ ನೂರೂ ಸರಿಯಿದ್ದವು. ಇಬ್ಬರಲ್ಲಿ ಒಬ್ಬರು ತಪ್ಪು ಮಾಡಿದ್ದೀರಿ, ಮಾರಕ್ಕನ ಪಾಳಿ ಮುಗಿಯುವುದರೊಳಗೆ ಅವರೇ ಬಾಯಿ ಬಿಟ್ಟರೆ ಒಳ್ಳೆಯದು, ಇಲ್ಲದಿದ್ದರೆ ಇಬ್ಬರ ಕೈಯಿಂದಲೂ ಕೆಲಸ ಕಿತ್ತುಕೊಳ್ಳುತ್ತೇನೆ ಎಂದರು.

ಮರುದಿನ ಬೆಳಿಗ್ಗೆ ಹೋಟ್ಲಿನಲ್ಲಿ ಗಾದ್ರಪ್ಪ ಇಡ್ಲಿ ತಿನ್ನುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಎದುರಿಗೆ ಹೋಗಿ ಕುಳಿತೆ.

“ಏನ್ ಗಾದ್ರಣ್ಣ, ಇಡ್ಲಿ ಗಂಟ್ಲಲ್ಲಿ ಇಳೀತೈತಾ?”

“ನಿಂಗ್ಯಾಕ್ ಇಳೀತಿಲ್ವಾ?”

“ಅಲ್ಲ, ತಿಪ್ಪೇಶಿ ಗಂಜಿ ಕುಡಿಯೋಕೂ ಆಗ್ದಂಗೆ ಬಿದ್ದವ್ನೆ. ಮದ್ದು ಒಂದ್ ಚಮಚ ಜಾಸ್ತಿ ಬಿದ್ದಿತ್ತೇನೋ ಅಂತ ಕೇಳ್ದೆ. ವಯಸ್ಸಾಯ್ತು, ಕೈ ನಡುಗುತ್ತೆ.”

ಗಾದ್ರಪ್ಪ ನಿಧಾನವಾಗಿ ಕೈ ತೊಳೆದ. “ನನ್ ಮದ್ದು ಅಳ್ದಿದ್ದು ಕಣೋ ಪಾಲಯ್ಯ. ಅಳತೆ ಇಲ್ದೆ ಆಡೋದು ನಿನ್ ಬಾಯಿ ಒಂದೇ.”

ಹೋಟ್ಲಿನವರೆಲ್ಲ ನಕ್ಕರು. ಲೋಟ ಎತ್ತಿ ಬಿಸಾಕಿ ಬಂದೆ. ದಾರಿಯುದ್ದಕ್ಕೂ ಯೋಚನೆ. ಗಾದ್ರಪ್ಪನ ಅಳಿಯ ಎರಡು ವರ್ಷಗಳಿಂದ ಕೆಲಸವಿಲ್ಲದೆ ಮಾವನ ಮನೆಯಲ್ಲಿದ್ದಾನೆ. ಒಮ್ಮೆ ನನ್ನ ಕೈಯಂತ್ರದ ಹಿಡಿ ತಿರುಗಿಸಿ ನೋಡಿ, ಇದೇನು ಮಹಾ ಕಷ್ಟ ಎಂದಿದ್ದ. ಅವತ್ತೇ ನನಗೆ ಅನುಮಾನ ಬಂದಿತ್ತು. ನನ್ನನ್ನು ಎಬ್ಬಿಸಿ ಅಳಿಯನನ್ನು ಕೂರಿಸಲು ಗಾದ್ರಪ್ಪ ನಾನು ಕೊಟ್ಟ ಕೊಳವೆಯನ್ನು ಮುಚ್ಚಿಟ್ಟು, ಕತ್ತರಿಸದ ಉದ್ದದ ಕೊಳವೆಗೆ ಮದ್ದು ತುಂಬಿರಬೇಕು. ಸಿಡಿದ ಕೊಳವೆಯನ್ನು ನಾನು ನೋಡಿದ್ದೆ. ಹಿಂಭಾಗ ಸೀಳಿತ್ತು, ಆದರೆ ಬಾಯಿಯ ಅಂಚು ಒಳಕ್ಕೆ ಮಡಚಿಕೊಂಡಿತ್ತು. ಅದು ಉದ್ದದ ಗುರುತು. ನನ್ನ ಕೈಯಿಂದ ಉದ್ದದ ಕೊಳವೆ ಹೊರಗೆ ಹೋಗುವ ಮಾತೇ ಇಲ್ಲ.

ಅವನನ್ನು ಹಿಡಿಯಲು ಒಂದು ಉಪಾಯ ಮಾಡಿದೆ. ಮಾರಕ್ಕನ ಐದು ಈಡಿಗೆಂದು ಗಾದ್ರಪ್ಪನಿಗೆ ಕೊಡಬೇಕಾದ ಐದು ಕೊಳವೆಗಳ ಬುಡದಲ್ಲಿ ಸೂಜಿಯಿಂದ ಒಂದೊಂದು ಗೀಟು ಎಳೆದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣಬೇಕು. ಐದೂ ಅಳತೆ ಪಟ್ಟಿಯಲ್ಲಿ ಮಲಗಿದ್ದವು, ಸ್ವಲ್ಪ ಬಿಗಿಯಾಗಿ, ಆದರೆ ಮಲಗಿದ್ದವು. ಕತ್ತರಿಸುವ ಅಗತ್ಯ ಬರಲಿಲ್ಲ. ಹೊಡೆದ ಕೊಳವೆ ಪ್ರತಿ ಸಂಜೆ ನನ್ನ ಮನೆಗೆ ವಾಪಸು ಬರುತ್ತದೆ. ಗೀಟಿಲ್ಲದ ಒಂದು ಕೊಳವೆ ಬಂದರೆ ಸಾಕು, ಗಾದ್ರಪ್ಪನ ಕುತ್ತಿಗೆಗೆ ಟವೆಲ್ ಹಾಕಿ ಯಜಮಾನರ ಮುಂದೆ ಎಳೆದು ತರುವುದೆಂದು ಕಾದೆ.

ಮೊದಲ ದಿನದ್ದು ಬಂತು, ಗೀಟಿತ್ತು. ಎರಡನೆಯದಕ್ಕೂ ಇತ್ತು. ಮೂರನೆಯ ದಿನ ನನಗೆ ಸಿಟ್ಟು ಬಂತು, ಇವನಿಗೆ ಗೀಟು ಕಂಡುಬಿಟ್ಟಿದೆ ಎಂದುಕೊಂಡೆ. ನಾಲ್ಕನೆಯದೂ ನನ್ನದೇ. ಬೋರಮ್ಮ ಊಟಕ್ಕೆ ಕರೆದರೂ ಹೋಗದೆ ಸಂಜೆಯೆಲ್ಲ ಆ ನಾಲ್ಕು ಕೊಳವೆಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕುಳಿತೆ. ಬುಡವನ್ನೇ ನೋಡುತ್ತಿದ್ದವನು ಬಾಯಿ ನೋಡಿರಲಿಲ್ಲ.

ಬಾಯಿ ನೋಡಿದ್ದು ಐದನೆಯ ದಿನ, ಮಧ್ಯಾಹ್ನ ಊಟವಾದ ಮೇಲೆ. ಅಂಗಳದ ಬಿಸಿಲಿನಲ್ಲಿ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿದ್ದೆ. ನಾಲ್ಕರ ಅಂಚೂ ಒಳಕ್ಕೆ ಮಡಚಿಕೊಳ್ಳಲು ಶುರುವಾಗಿತ್ತು. ಒಂದಕ್ಕೆ ಸ್ವಲ್ಪ, ಒಂದಕ್ಕೆ ಇನ್ನೂ ಸ್ವಲ್ಪ ಹೆಚ್ಚು. ನನ್ನ ಗೀಟಿರುವ, ನಾನೇ ಅಳೆದು ಕಳಿಸಿದ ಕೊಳವೆಗಳು. ಅಳತೆ ಪಟ್ಟಿ ತಂದು ಒಂದೊಂದನ್ನೂ ಮತ್ತೆ ಇಟ್ಟೆ. ಎಲ್ಲವೂ ಮಲಗಿದವು. ತೆಗೆದು ಇಟ್ಟೆ, ತೆಗೆದು ಇಟ್ಟೆ. ಗಾದ್ರಪ್ಪ ಹಿಂಗೆ ಮಾಡಿರಬೇಕು ಹಂಗೆ ಮಾಡಿರಬೇಕು ಎಂದು ಬಯ್ಯುತ್ತಲೇ ಇದ್ದೆ.

ಬೋರಮ್ಮ ಹರಿದ ಕೌದಿ ಹೊಲಿಯುತ್ತ ಜಗಲಿಯ ಮೇಲಿದ್ದಳು. ನಮ್ಮ ಮದುವೆಯ ದಿನ ನನ್ನಪ್ಪ ಅವಳಿಗೆ ಒಂದು ಕೊಳವೆ ಕೊಟ್ಟಿದ್ದ. ಒಮ್ಮೆಯೂ ಕೋವಿಗೆ ಹಾಕದ್ದು, ಊರಿನ ಲೆಕ್ಕಕ್ಕೂ ಸೇರದ್ದು. ಅವಳು ಅದಕ್ಕೆ ಬಟ್ಟೆಯ ಬಿರಡೆ ಹಾಕಿ ಸೂಜಿ ಇಟ್ಟುಕೊಂಡಿದ್ದಳು. ಸೂಜಿಗಳನ್ನು ಮಡಿಲಿಗೆ ಸುರಿದುಕೊಂಡು ಆ ಕೊಳವೆಯನ್ನು ನನ್ನ ಕಡೆ ಚಾಚಿದಳು.

“ಇದನ್ನೂ ಇಟ್ ನೋಡು. ಇದುಕ್ಕೆ ಗಾದ್ರಣ್ಣ ಕೈ ಹಾಕಿಲ್ವಲ್ಲ.”

ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ರೇಗಿದೆ. ರೇಗಿ, ಇಟ್ಟೆ. ಹೊಸ ಕೊಳವೆ ಪಟ್ಟಿಯ ಎರಡು ಕಿವಿಗಳ ನಡುವೆ ಅಲುಗಾಡದೆ ಕೂರಬೇಕು, ಬೆರಳಿನಿಂದ ಎಬ್ಬಿಸಿದರೆ ಮಾತ್ರ ಏಳಬೇಕು. ಅಪ್ಪ ನನಗೆ ಮೊದಲು ಕಲಿಸಿದ ಪಾಠ ಅದು. ಈ ಕೊಳವೆ ಹಿಂದಕ್ಕೂ ಮುಂದಕ್ಕೂ ಆಡಿತು. ಪಟ್ಟಿ ಅಲ್ಲಾಡಿಸಿದರೆ ಕಟಕಟ ಸದ್ದು ಮಾಡಿತು.

ಕೊಳವೆ ಗಿಡ್ಡವಾಗುವುದಿಲ್ಲ. ಹಾಗಾದರೆ ಪಟ್ಟಿಯ ಕಿವಿಗಳು ದೂರವಾಗಿವೆ. ಯಾರೋ ಒಳಬದಿಯನ್ನು ತಿಂದಿದ್ದಾರೆ. ನನ್ನ ತಲೆಗೆ ರಕ್ತ ಏರಿತು.

“ಬೋರಿ, ನಾನಿಲ್ದಾಗ ಇದನ್ನ ಯಾರು ಮುಟ್ಟಿದ್ದು? ನಿಜ ಹೇಳು. ನೀನೇನಾದ್ರೂ ಉಜ್ಜಿದ್ಯಾ?”

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆಯೆತ್ತಲಿಲ್ಲ. “ನಾನ್ಯಾಕ್ ಉಜ್ಲಿ? ಶುಕ್ರುವಾರ ಶುಕ್ರುವಾರ ನಾರು ಹಾಕಿ ಸಂದಿಗೊಂದಿಯೆಲ್ಲ ತಿಕ್ಕೋನು ನೀನು. ನಾನು ಮೆತ್ತಗೆ ತಿಕ್ಕು ಅಂದ್ರೆ…”

ಅಲ್ಲಿಗೆ ಕಿವಿ ಮುಚ್ಚಿದವು. ಅವಳ ತುಟಿ ಇನ್ನೂ ಆಡುತ್ತಿತ್ತು.

ಪಟ್ಟಿಯ ಒಳಬದಿಯನ್ನು ಬಿಸಿಲಿಗೆ ಹಿಡಿದೆ. ಕನ್ನಡಿಯಂತೆ ಹೊಳೆಯುತ್ತಿತ್ತು. ಅಪ್ಪನ ಶುಕ್ರವಾರಗಳು, ನನ್ನ ಇಪ್ಪತ್ತೆರಡು ವರ್ಷದ ಶುಕ್ರವಾರಗಳು, ಎಲ್ಲ ಸೇರಿ ಅಲ್ಲಿ ಒಂದು ಭತ್ತದ ಸಿಪ್ಪೆಯಷ್ಟು ಜಾಗ ಮಾಡಿದ್ದವು. ಕಳ್ಳನಿಗೆ ಸಿಗದಂತೆ ಕಾದಿದ್ದನ್ನು ನಾನೇ ನಾರು ಹಿಡಿದು ಕದಿಯುತ್ತಿದ್ದೆ. ಮನೆಯಲ್ಲಿ ಸರಿ ಎಂದು ಇಟ್ಟ ನೂರಕ್ಕೂ ಹೆಚ್ಚು ಕೊಳವೆಗಳು ಉದ್ದವಾಗಿದ್ದವು. ಅವುಗಳಲ್ಲಿ ಬಿಗಿಯಾಗಿ ಮಲಗಿದ ಐದನ್ನು ಮಾರಕ್ಕನಿಗೆ ಕಳಿಸಿದ್ದೆ. ನಾಲ್ಕು ನನ್ನ ಕಾಲ ಬಳಿ ನಿಂತಿದ್ದವು. ಐದನೆಯದು ಈಗ ಬಂಡೆಯ ಮೇಲಿತ್ತು.

ಪಟ್ಟಿಯನ್ನೂ ಬೋರಮ್ಮನ ಕೊಳವೆಯನ್ನೂ ಹಿಡಿದು ಓಡಿದೆ. ಓಡುತ್ತ ಕೂಗಿದೆ, ನನ್ನ ಗಂಟಲು ಉರಿಯಿತೇ ಹೊರತು ನನಗೇ ಕೇಳಲಿಲ್ಲ. ಇಡೀ ಊರಿಗೆ ಕೇಳುವಂತೆ ಬಯ್ಯುವ ಬಾಯಿ ಎಂದು ಹೆಸರಾದ ಬಾಯಿ ಅದು. ಪೇಟೆಯ ಬೀದಿಯಲ್ಲಿ ಜನ ಸುಮ್ಮನೆ ಕುಳಿತಿದ್ದರು, ನನ್ನನ್ನು ಕಂಡು ದಾರಿ ಬಿಟ್ಟರು. ಇವತ್ತು ಯಾರ ಮೇಲೆ ಹೊರಟಿದ್ದಾನೆ ಎಂಬ ನಗೆ ಅವರ ಮುಖದಲ್ಲಿತ್ತು. ಕೈಯಿಂದ ಬಂಡೆ ತೋರಿಸಿದೆ. ದಿನಸಿ ಅಂಗಡಿಯವನು ತಲೆಯಾಡಿಸಿ, ಇನ್ನೂ ಹೊತ್ತಿದೆ ಎಂಬಂತೆ ಬೆರಳು ಮಾಡಿದ.

ಬಂಡೆಯ ಬುಡದಲ್ಲಿ ಗಾದ್ರಪ್ಪ ನಿಂತಿದ್ದ. ತೋಟಾ ಕೊಟ್ಟವನು ಈಡು ಬೀಳುವವರೆಗೆ ಅಲ್ಲಿರಬೇಕು. ನೆರಳು ಬಿಳಿಗಲ್ಲಿಗೆ ಒಂದು ಗೇಣು ದೂರದಲ್ಲಿತ್ತು. ನಾನು ಮೆಟ್ಟಿಲಿಗೆ ಕಾಲಿಡುತ್ತಿದ್ದಂತೆ ಅವನು ಅಡ್ಡ ಬಂದ. ಅವನ ಕಣ್ಣಿನಲ್ಲಿ ಏನಿತ್ತೆಂದು ನನಗೆ ಚೆನ್ನಾಗಿ ಗೊತ್ತು, ಅದು ನನ್ನ ಕಣ್ಣಿನಲ್ಲಿ ದಿನವೂ ಇರುವುದೇ. ಕೊನೆಯ ದಿನ ಬಂದಿದ್ದಾನೆ, ತೋಟಾಕ್ಕೆ ಏನೋ ಮಾಡಿ ನನ್ನ ಮೇಲೆ ಹಾಕಲು ಬಂದಿದ್ದಾನೆ ಎಂಬ ಅನುಮಾನ. ಅಂಗಿ ಹಿಡಿದ. ನಾನು ಪಟ್ಟಿ ತೋರಿಸಿದೆ, ಕೊಳವೆ ತೋರಿಸಿದೆ, ನನ್ನ ಎದೆ ಗುದ್ದಿಕೊಂಡೆ. ಅವನು ಬಿಡಲಿಲ್ಲ. ಕೊನೆಗೆ ಅಂಗಿಯನ್ನು ಅವನ ಕೈಯಲ್ಲೇ ಹರಿದು ಬಿಟ್ಟು ಮೆಟ್ಟಿಲು ಹತ್ತಿದೆ.

ಮಾರಕ್ಕ ನೆತ್ತಿಯ ಮೇಲೆ ಮಂಡಿಯೂರಿದ್ದಳು. ಕೋವಿಗೆ ತೋಟಾ ಹಾಕಿ, ಅದರ ಹಿಂಬಾಗಿಲು ಸಲೀಸಾಗಿ ಮುಚ್ಚದೆ ಅಂಗೈಯಿಂದ ಗುದ್ದಿ ಮುಚ್ಚುತ್ತಿದ್ದಳು. ಕೈ ಬೀಸುತ್ತ ಅವಳತ್ತ ನಡೆದೆ. ಅವಳು ನನ್ನನ್ನು ನೋಡಿದಳು. ಬೆವರು ಸುರಿಯುತ್ತಿರುವ, ಬರಿಮೈಯ, ಬಾಯಿ ಬಡಿದುಕೊಳ್ಳುತ್ತಿರುವ ಗಂಡಸು. ಇಂಥವನ ಮಾತು ಯಾಕೆ ಕೇಳಬೇಕು? ಮುಖ ತಿರುಗಿಸಿ ಕೆನ್ನೆಯನ್ನು ಕೋವಿಗೆ ಒತ್ತಿದಳು.

ನಾನು ಹೋಗಿ ಕೋವಿಯ ಮುಂದೆ ನಿಂತೆ. ತಕ್ಷಣ ಅವಳು ಕೋವಿ ಇಳಿಸಿದಳೆಂದು ಜನ ಹೇಳುತ್ತಾರೆ. ಇಳಿಸಲಿಲ್ಲ. ನಾಲ್ಕೈದು ಉಸಿರಿನಷ್ಟು ಹೊತ್ತು ಅವಳು ಕೋವಿಯ ಹಿಂದಿನಿಂದ ನನ್ನ ಎದೆಯನ್ನೇ ನೋಡಿದಳು, ಬೆರಳು ಎಲ್ಲಿತ್ತೋ ಅಲ್ಲೇ ಇತ್ತು. ನಾನು ಅಲ್ಲಾಡಲಿಲ್ಲ. ಧೈರ್ಯದಿಂದಲ್ಲ, ಅಲ್ಲಾಡಿದರೆ ಅವಳು ಆಕಾಶಕ್ಕೆ ಹೊಡೆಯುತ್ತಾಳೆ, ಅವಳ ಕಣ್ಣು ಹೋಗುತ್ತದೆ. ಕೊನೆಗೆ ಕೋವಿ ಕೆಳಗಾಯಿತು. ಹಿಂಬಾಗಿಲು ತೆರೆಯಲು ಇಬ್ಬರೂ ಎಳೆಯಬೇಕಾಯಿತು. ತೋಟಾ ಹೊರಗೆ ತೆಗೆದು ಅದರ ಪಕ್ಕದಲ್ಲಿ ಬೋರಮ್ಮನ ಕೊಳವೆ ಹಿಡಿದೆ. ಬುಡ ಸಮ ಮಾಡಿದೆ. ತೋಟಾದ ಕೊಳವೆಯ ಬಾಯಿ ಬೋರಮ್ಮನದಕ್ಕಿಂತ ಮುಂದೆ ಬಂದಿತ್ತು. ಆಮೇಲೆ ಪಟ್ಟಿ ತೋರಿಸಿ, ಉಜ್ಜುವ ಹಾಗೆ ಕೈ ಆಡಿಸಿ, ನನ್ನ ಕಡೆ ಬೆರಳು ಮಾಡಿಕೊಂಡೆ. ಅವಳಿಗೆ ಅರ್ಥವಾಯಿತು. ನನ್ನ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ಮೂರನೆಯದಕ್ಕೆ ಕೈ ಎತ್ತಿದವಳು ಹಾಗೆಯೇ ಬಂಡೆಯ ಮೇಲೆ ಕುಳಿತುಬಿಟ್ಟಳು.

ನೆರಳು ಬಿಳಿಗಲ್ಲನ್ನು ದಾಟಿತು. ಈಡು ಬೀಳಲಿಲ್ಲ. ಊರು ಮೇಲೆ ಹತ್ತಿ ಬಂತು. ಯಾರೋ ಸ್ಲೇಟು ತಂದು ನನ್ನ ಕೈಗೆ ತುರುಕಿದರು. “ತಪ್ಪು ನಂದು, ಅಳತೆ ಪಟ್ಟಿ ನಾನೇ ಸವೆಸಿದ್ದು” ಎಂದು ಬರೆದು ಎತ್ತಿ ಹಿಡಿದೆ. ಸೂರಯ್ಯ ಓದಿ, ಸ್ಲೇಟು ಕಿತ್ತುಕೊಂಡು ಪಂಚೆಯ ಚುಂಗಿನಿಂದ ಒರೆಸಿ, ತಾವೇ ಬರೆದು ತಿರುಗಿಸಿದರು. “ಬಯ್ಯೋದು ಬಾಯಲ್ಲಿ, ಒಪ್ಕೊಳ್ಳೋದು ಬಳಪದಲ್ಲಾ? ಕಿವಿ ತೆರೆದ ಮೇಲೆ ಹೇಳು.”

ಕಿವಿ ತೆರೆಯಲು ನಾಲ್ಕು ದಿನ ಹಿಡಿಯಿತು. ಬೋರಮ್ಮನ ಕೊಳವೆಯನ್ನು ಮಾದರಿಯಾಗಿ ಇಟ್ಟುಕೊಂಡು ಹೊಸ ಪಟ್ಟಿ ತೀಡಲು ಒಂದು ದಿನ, ಊರಿನ ಕೊಳವೆಗಳನ್ನೆಲ್ಲ ಮತ್ತೆ ಕತ್ತರಿಸಲು ಮೂರು ದಿನ. ಎರಡನೆಯ ಬೆಳಿಗ್ಗೆ ಗಾದ್ರಪ್ಪ ಬಂದು ನನ್ನ ಎದುರಿಗೆ ಚಾಪೆ ಹಾಕಿಕೊಂಡು ಕುಳಿತ. ನಾನು ಕತ್ತರಿಸಿದ ಪ್ರತಿಯೊಂದನ್ನೂ ಅವನು ಹೊಸ ಪಟ್ಟಿಗೆ ಇಟ್ಟು, ಬೆಳಕಿಗೆ ಹಿಡಿದು, ಸಂಶಯ ಬಂದರೆ ವಾಪಸು ಎಸೆಯುತ್ತಿದ್ದ. ಸರಿಯಿದ್ದದ್ದನ್ನೂ ಎರಡು ಸಲ ಬೇಕೆಂದೇ ಎಸೆದನೆಂದು ನನ್ನ ಗುಮಾನಿ. ಬಾಯಿ ಮುಚ್ಚಿಕೊಂಡು ಮತ್ತೆ ತಿರುಗಿಸಿದೆ. ಆ ದಿನಗಳಲ್ಲಿ ಇಸ್ತ್ರಿಯವರ ಮನೆಯಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಅದರ ಮೊದಲ ಅಳು ಯಾರಿಗೂ ಕೇಳಲಿಲ್ಲ. ತಾಯಿ ಅದರ ಎದೆಯ ಮೇಲೆ ಕೈಯಿಟ್ಟುಕೊಂಡು ಮೂರು ದಿನ ನಿದ್ದೆ ಮಾಡಲಿಲ್ಲವೆಂದು ಬೋರಮ್ಮ ಸ್ಲೇಟಿನಲ್ಲಿ ಬರೆದು ತೋರಿಸಿದಳು.

ನಾಲ್ಕನೆಯ ದಿನ ಕೆಲಸ ಮುಗಿದಾಗ ಊರೆಲ್ಲ ಬಂಡೆಯ ಮೇಲಿತ್ತು. ತಿಪ್ಪೇಶಿಯನ್ನೂ ಕೈ ಹಿಡಿದು ಹತ್ತಿಸಿದ್ದರು, ಅರ್ಧ ಮುಖಕ್ಕೆ ಬಟ್ಟೆ ಕಟ್ಟಿತ್ತು. ಮಾರಕ್ಕನ ಪಾಳಿಯ ಕೊನೆಯ ಈಡು ಅದು. ನೆರಳು ಬಿಳಿಗಲ್ಲಿಗೆ ಮುಟ್ಟುವ ಹೊತ್ತಿಗೆ ಅವಳು ಕೋವಿಯನ್ನು ತಂದು ನನ್ನ ಎದೆಗೆ ಒತ್ತಿದಳು. ನಾನು ಕೊಳವೆ ಕತ್ತರಿಸುವವನು, ಹುಟ್ಟಿದಾಗಿನಿಂದ ಒಂದು ಈಡೂ ಹೊಡೆದವನಲ್ಲ. ನಾನು ಕತ್ತರಿಸಿದ, ಗಾದ್ರಪ್ಪ ತುಂಬಿದ ತೋಟಾ ಹಾಕಿದೆ. ಹಿಂಬಾಗಿಲು ಬೆರಳ ತುದಿಗೆ ಮುಚ್ಚಿತು. ಆದರೂ ಬಲಗಣ್ಣನ್ನು ಕೋವಿಯ ಹಿಂದೆ ಇಟ್ಟಾಗ, ಇಷ್ಟು ವರ್ಷ ನನ್ನ ಮಾತನ್ನು ನಂಬಿ ಎಷ್ಟು ಜನ ಹೀಗೆ ಕಣ್ಣಿಟ್ಟಿದ್ದರೆಂದು ಲೆಕ್ಕ ಹಾಕಿದೆ.

ಹೊಡೆದೆ. ಹೆಗಲಿಗೆ ಒದ್ದಂತಾಯಿತು. ಈಡಿನ ಹಿಂದೆಯೇ ಗಾಳಿಯ ಸದ್ದು, ಕೆಳಗೆ ಪೇಟೆಯ ನಾಯಿಗಳು, ಎಲ್ಲೋ ಆ ಕೂಸಿನ ಅಳು. ಬಂಡೆಯ ಮೇಲಿದ್ದವರೆಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

ಕೋವಿ ಕೆಳಗಿಟ್ಟು ತಿಪ್ಪೇಶಿಯ ಪಕ್ಕಕ್ಕೆ ಹೋದೆ. “ತಪ್ಪು ನಂದು,” ಎಂದೆ. “ಅಳತೆ ಸವೆಸ್ದೋನು ನಾನೇ. ಗಾದ್ರಣ್ಣಂದು ಏನೂ ಇಲ್ಲ. ನಾನು ಅವನ್ ಮೇಲೆ ಸುಳ್ಳು ಹೊರಿಸ್ದೆ.”

ತಿಪ್ಪೇಶಿ ತಲೆ ತಿರುಗಿಸಲಿಲ್ಲ. ಎದುರಿಗಿದ್ದ ಬಯಲನ್ನೇ ನೋಡುತ್ತ ನಿಧಾನವಾಗಿ ಹೇಳಿದ.

“ಆ ಕಡೆ ನಿಂತ್ಕೊಂಡ್ರೆ ನಂಗೆ ಕಾಣ್ಸಲ್ಲ ಪಾಲಣ್ಣ. ಈ ಕಡೆ ಬಂದು ಹೇಳು.”

ನಾನು ಅವನ ಮುಂದೆ ಹಾದು, ಎಡಕ್ಕೆ ಹೋಗಿ ನಿಂತು, ಮೊದಲಿನಿಂದ ಹೇಳಿದೆ.